ಅತ್ತೆಯ ಹುಳುಮನೆಗೆ ಇಲ್ಲದ ಮೋಡೆಮ್ ಜೋಡಿಸಿದ್ದು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಕದಲದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ನಾನು ಅತ್ತೆಯ ಮನೆಗೆ ಹೋದಾಗ ಹುಳು ಮೂರನೇ ಜ್ವರದಿಂದ ಎದ್ದು ಸೊಪ್ಪು ತಿನ್ನುತ್ತಿದ್ದವು ಎಂದು ನನ್ನ ದಿನಚರಿಯಲ್ಲಿದೆ. ನೆನಪಿನಲ್ಲಿ ಮಾತ್ರ ಹುಳುಮನೆ, ಸೊಪ್ಪು ತಿನ್ನುವ ಸರಸರ ಸದ್ದಿಲ್ಲದೆ, ನಿಶ್ಶಬ್ದವಾಗಿದೆ, ಅಂದರೆ ಅವು ಜ್ವರಕ್ಕೆ ಕೂತಿವೆ. ದಿನಚರಿಯನ್ನು ಅದೇ ದಿನ ಬರೆದೆನೋ, ಎರಡು ದಿನ ಬಿಟ್ಟು ಬರೆದು ಹಿಂದಿನ ತಾರೀಖು ಹಾಕಿದೆನೋ, ಅದೂ ಖಚಿತವಿಲ್ಲ. ಆ ಚಾಳಿ ನನಗಿದೆ. ಇತಿಹಾಸ ಓದಿ, ಅದನ್ನೇ ರಾಮನಗರದ ಕಾಲೇಜಿನಲ್ಲಿ ಪಾಠ ಮಾಡುವವಳು ಹೀಗೆ ಮಾಡಬಾರದು ಎಂದು ಗೊತ್ತಿದ್ದೂ ಇದೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮಾಗಡಿ ತಾಲ್ಲೂಕು ಕುದೂರು ಹೋಬಳಿಯ ಒಂದು ಹಳ್ಳಿಯಲ್ಲಿ ಮಗನ ಜೊತೆ ಹಿಪ್ಪುನೇರಳೆ ತೋಟ ನೋಡಿಕೊಂಡು ರೇಷ್ಮೆ ಹುಳು ಸಾಕುತ್ತಾಳೆ. ಅದಕ್ಕೆ ಮೊದಲು ಬಿತ್ತನೆ ಕೋಠಿಯೊಂದರಲ್ಲಿ, ಅಂದರೆ ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸಿ ಕೊಡುವ ಕಚೇರಿಯಲ್ಲಿ, ಟೈಪಿಸ್ಟ್ ಆಗಿದ್ದಳು. ಎದುರು ಮೇಜಿನಲ್ಲಿ ಇನ್ನೊಬ್ಬ ಟೈಪಿಸ್ಟ್, ಚನ್ನಪಟ್ಟಣದ ಅವಳ ಗೆಳತಿ. ಇಬ್ಬರೂ ಕೀಲಿಗಳನ್ನು ನೋಡದೆ, ಕಿಟಕಿಯಾಚೆ ನೋಡಿಕೊಂಡು ಟೈಪ್ ಮಾಡುತ್ತಿದ್ದರಂತೆ. ನಿವೃತ್ತಿಯ ಹೊತ್ತಿಗೆ ಯಾರೋ ವಿಲೇವಾರಿ ಮಾಡುತ್ತಿದ್ದ ಎರಡು ಕಂಪ್ಯೂಟರುಗಳನ್ನು ಒಂದೊಂದು ಕೊಂಡರು. ಗೆಳತಿಯ ಗಂಡ ಟೆಲಿಫೋನ್ ಲೈನ್‌ಮನ್. ಅವರೇ ಎರಡೂ ಮನೆಗೆ ಮೋಡೆಮ್ ಕೂರಿಸಿಕೊಟ್ಟರು. ಮೋಡೆಮ್ ಎಂದರೆ ಕಂಪ್ಯೂಟರಿನ ಅಕ್ಷರಗಳನ್ನು ಸದ್ದು ಮಾಡಿ ಫೋನ್ ತಂತಿಯಲ್ಲಿ ಕಳಿಸುವ ಚಿಕ್ಕ ಡಬ್ಬಿ. ಅತ್ತೆ ಇಲ್ಲಿ ಟೈಪ್ ಮಾಡಿದ್ದು ಚನ್ನಪಟ್ಟಣದ ಪರದೆಯ ಮೇಲೆ ಮೂಡುತ್ತಿತ್ತು, ಅವರದು ಇಲ್ಲಿ. ಇಂಟರ್‌ನೆಟ್ಟೂ ಬೇಕಿರಲಿಲ್ಲ. ಕಪ್ಪು ಪರದೆ, ಬೂದು ಬಣ್ಣದ ಇಂಗ್ಲಿಷ್ ಅಕ್ಷರ, ಅದರಲ್ಲಿ ಶುದ್ಧ ಮಾಗಡಿ ಕನ್ನಡ.

ರಸ್ತೆ ಅಗಲ ಮಾಡುವಾಗ ಊರಿನ ಫೋನ್ ತಂತಿ ಹೋಯಿತು. ಮತ್ತೆ ಯಾರಿಗೂ ಅದು ಬೇಕಾಗಲಿಲ್ಲ, ಎಲ್ಲರ ಕೈಯಲ್ಲೂ ಮೊಬೈಲ್ ಬಂದಿತ್ತು. ಅತ್ತೆಗೆ ಅಷ್ಟರಲ್ಲಿ ಕಿವಿ ಪೂರ್ತಿ ಮಂದವಾಗಿತ್ತು. ಎದುರಿಗೆ ಕೂತು ಗಟ್ಟಿಯಾಗಿ ಹೇಳಿದರೆ ತುಟಿ ನೋಡಿ ಹಿಡಿಯುತ್ತಾಳೆ. ಫೋನಿನಲ್ಲಿ ಏನೂ ಕೇಳುವುದಿಲ್ಲ. ಮೊಬೈಲಿನಲ್ಲಿ ಬರೆಯೋಣವೆಂದರೆ, ಸೊಪ್ಪು ಬಿಡಿಸಿ ಬಿಡಿಸಿ ಒರಟಾದ ಅವಳ ಬೆರಳನ್ನು ಆ ಗಾಜು ಬೆರಳೆಂದೇ ಒಪ್ಪುವುದಿಲ್ಲ.

ಹೀಗಾಗಿ ಗೆಳತಿಯ ಜೊತೆ ಮಾತು ಎಂದರೆ ನಡುವೆ ಅತ್ತೆಯ ಮಗ, ನನ್ನ ಭಾವ. ಅವನು ಫೋನ್ ಹಿಡಿದು ಕೇಳಿ, ಅತ್ತೆಯ ಮುಖಕ್ಕೆ ಮುಖ ಕೊಟ್ಟು ಕೂಗಿ ಹೇಳಬೇಕು. ಒಮ್ಮೆ ರೇಷ್ಮೆಗೂಡು ಮಾರಲು ರಾಮನಗರದ ಮಾರುಕಟ್ಟೆಗೆ ಬಂದ ತಾಯಿ ಮಗ ನಮ್ಮ ಮನೆಗೂ ಬಂದಾಗ ಅತ್ತೆ ಇದನ್ನು ದೂರಿದಳು.

“ನಾನು ನಾಕು ಮಾತು ಏಳಿದ್ರೆ ಇವ್ನು ಒಂದೇ ಮಾತಲ್ಲಿ ಮುಗುಸ್ತಾನೆ ಕಣೆ. ಆ ಕಡೆಯಿಂದ ಅವ್ಳು ಅರ್ಧ ಗಂಟೆ ಮಾತಾಡಿದ್ರೆ, ‘ಚೆನ್ನಾಗವ್ರಂತೆ’ ಅಂತಾನೆ. ಅರ್ಧ ಗಂಟೆನೂ ಚೆನ್ನಾಗಿವ್ನಿ ಚೆನ್ನಾಗಿವ್ನಿ ಅಂತಾಳೇನೆ ಅವ್ಳು?”

ಭಾವ ಕಾಫಿ ಲೋಟ ಕೆಳಗಿಟ್ಟ. “ಅವ್ವೋ, ಅವ್ರು ಏಳಿದ್ದೆಲ್ಲ ಕಿರುಚಿದ್ರೆ ಊರಿಗೆಲ್ಲ ಕೇಳ್ತದೆ. ಆಮೇಲೆ ನೀನೇ ಬಯ್ತೀಯ.”

“ನಡುವೆ ಒಬ್ರು ನಿಂತ್ಕಂಡ್ರೆ ಅದು ಮಾತಾ? ಪಂಚಾಯ್ತಿ!” ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, “ತಂತಿ ಇಲ್ದೆ ಆ ಮಿಷನ್ನು ಮಾತಾಡಕಾಯ್ತದಾ? ನೀನು ಓದ್ದೋಳಲ್ವಾ, ನೋಡೇಳು.”

ನಾನು ಓದಿದ್ದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ ಆಗುವುದಿಲ್ಲ ಎಂದು ಹೇಳಲು ಮನಸ್ಸು ಬರಲಿಲ್ಲ. ಹುಡುಕಿದೆ. ಹಳೆಯ ಕಂಪ್ಯೂಟರುಗಳನ್ನು ಇಟ್ಟುಕೊಂಡಿರುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೂ ಇದೇ ತೊಂದರೆ. ಅವರು ಕಂಡುಕೊಂಡ ದಾರಿ ವರ್ಚುಯಲ್ ಮೋಡೆಮ್. ಅದು ಒಂದು ತಂತ್ರಾಂಶ, ಡಬ್ಬಿಯಲ್ಲ. ಹಳೆಯ ಕಂಪ್ಯೂಟರನ್ನು ಒಂದು ಕೇಬಲ್ಲಿನಿಂದ ಹೊಸ ಲ್ಯಾಪ್‌ಟಾಪಿಗೆ ಜೋಡಿಸಬೇಕು. ಲ್ಯಾಪ್‌ಟಾಪಿನಲ್ಲಿ ಕೂತ ತಂತ್ರಾಂಶ ತಾನೇ ಮೋಡೆಮ್ ಎಂದು ನಟಿಸುತ್ತದೆ. ಹಳೆಯದು ನಂಬರು ಒತ್ತುತ್ತದೆ. ಇದು ಆ ನಂಬರು ಯಾರದೆಂದು ತನ್ನ ಪಟ್ಟಿಯಲ್ಲಿ ನೋಡಿ, ಫೋನ್ ತಂತಿಯ ಬದಲು ಇಂಟರ್‌ನೆಟ್ಟಿನಲ್ಲಿ ಆ ಮನೆಯ ಲ್ಯಾಪ್‌ಟಾಪನ್ನು ಹಿಡಿಯುತ್ತದೆ. ಹಳೆಯ ಕಂಪ್ಯೂಟರಿಗೆ ಕೊನೆತನಕ ಫೋನ್ ಮಾಡಿದೆನೆಂದೇ ನಂಬಿಕೆ. ಇಂಥ ಒಳ್ಳೆಯ ಸುಳ್ಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲು ಚನ್ನಪಟ್ಟಣದಲ್ಲಿ ಜೋಡಿಸಿದೆ. ಗೆಳತಿಯ ಮನೆಯ ಕಂಪ್ಯೂಟರ್ ಹಳೆಯ ರೇಷ್ಮೆ ಸೀರೆಯೊಂದನ್ನು ಹೊದ್ದು ಒಂದು ಚೂರೂ ಧೂಳಿಲ್ಲದೆ ಕೂತಿತ್ತು. ಅವರ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ತಂತ್ರಾಂಶ ಹಾಕಿ, ಎರಡೂ ಕಡೆಯ ವೇಗ ಒಂದೇ ಇರುವಂತೆ ಮಾಡಿ, ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಸಿದೆ. ಅವರು ಮುದ್ದೆಗೆ ಎರಡನೇ ಸಲ ಸಾರು ಬಿಡುತ್ತ, “ಅವ್ಳಿಗೆ ಬೇಗ ಹಾಕ್ಕೊಡವ್ವ, ಏಳೋದು ಬೇಕಾದಷ್ಟೈತೆ” ಎಂದರು. ಇದು ಇಷ್ಟು ಸುಲಭವೇ ಎಂದು ನನಗೆ ಸ್ವಲ್ಪ ಕೊಬ್ಬೂ ಬಂತು.

ಮುಂದಿನ ವಾರ ನನ್ನ ಹಳೆಯ ಲ್ಯಾಪ್‌ಟಾಪ್, ಕೇಬಲ್ಲು, ಇಂಟರ್‌ನೆಟ್ಟಿಗೆ ಒಂದು ಸಿಮ್ ಡಾಂಗಲ್ ಹೊತ್ತು ಮಾಗಡಿಯಲ್ಲಿ ಬಸ್ಸು ಬದಲಿಸಿ ಅತ್ತೆಯ ಊರಿಗೆ ಹೋದೆ. ಅವಳ ಕಂಪ್ಯೂಟರ್ ಇರುವುದು ಹುಳುಮನೆಯಲ್ಲಿ. ಹಿಂದೆ ಫೋನ್ ತಂತಿ ಆ ಗೋಡೆಯಿಂದ ಒಳಗೆ ಬಂದಿತ್ತು, ಅದಕ್ಕೇ ಅಲ್ಲಿ. ಹುಳಕ್ಕೆ ಸೊಪ್ಪು ಹಾಕುವ ನಡುವೆ ಕೂತು ಟೈಪ್ ಮಾಡಲು ಅವಳಿಗೂ ಅದೇ ಅನುಕೂಲವಾಗಿತ್ತು.

ಬಾಗಿಲಲ್ಲೇ ತಡೆದಳು. “ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದು. ಪೌಡ್ರು ಗೀಡ್ರು ಹಾಕ್ಕಂಡಿದ್ದೀಯಾ?”

“ಇಲ್ಲ ಅತ್ತೆ.”

“ತಲೆಗೆ?”

“ಕೊಬ್ಬರಿ ಎಣ್ಣೆ.”

ನಂಬದೆ ನನ್ನ ತಲೆ ಬಗ್ಗಿಸಿ ಮೂಸಿ ನೋಡಿದಳು. ಚೀಲ ತೆಗೆಸಿದಳು. ಅದರಲ್ಲಿ ರಾಮನಗರದ ಅಂಗಡಿಯವನು ಕೊಟ್ಟಿದ್ದ ಒಂದು ಸ್ಪ್ರೇ ಡಬ್ಬಿ ಇತ್ತು, ಹಳೆಯ ಕಂಪ್ಯೂಟರಿನ ಕೇಬಲ್ ಮೂತಿ ಶುಚಿ ಮಾಡಲು. ಅತ್ತೆ ಅದನ್ನು ಹಾವನ್ನು ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಳು. “ನನ್ನ ಹುಳಕ್ಕೆ ಹೊಡೆಯಾಕೆ ತಂದ್ಯಾ? ಇದ್ರ ಗಾಳಿ ಸೋಕಿದ್ರೆ ಒಂದು ಹುಳ ಉಳಿಯಾಕಿಲ್ಲ.” ಡಬ್ಬಿ ಕೊಟ್ಟಿಗೆಯ ಸೂರಿಗೆ ಹೋಯಿತು.

ಜೋಡಿಸಿದೆ. ಹಳೆಯ ಕಂಪ್ಯೂಟರಿನಲ್ಲಿ ಎ, ಟಿ ಎಂದು ಎರಡಕ್ಷರ ಟೈಪ್ ಮಾಡಿ ಒತ್ತಿದರೆ ಮೋಡೆಮ್ ಓಕೆ ಅನ್ನಬೇಕು. ಅನ್ನಲಿಲ್ಲ. ವೇಗ ಕಡಿಮೆ ಮಾಡಿದೆ, ಹೆಚ್ಚು ಮಾಡಿದೆ. ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದೆ. ಆ ಕಡೆಯಿಂದ ಏನಾದರೂ ಬರುತ್ತಿದೆಯೇ ನೋಡೋಣವೆಂದು, ದಾಟುವ ಪ್ರತಿ ಅಕ್ಷರವನ್ನೂ ಬರೆದಿಟ್ಟುಕೊಳ್ಳುವಂತೆ ತಂತ್ರಾಂಶಕ್ಕೆ ಹೇಳಿದೆ. ಪರದೆಯಲ್ಲಿ ಅದಕ್ಕೆಂದು ತೆರೆದ ಕಿಟಕಿ ಖಾಲಿಯಾಗಿಯೇ ಉಳಿಯಿತು. ಚನ್ನಪಟ್ಟಣದಲ್ಲಿ ಆದದ್ದು ಇಲ್ಲೇಕೆ ಆಗುವುದಿಲ್ಲ ಎಂದು ದಿನಚರಿಯ ಹಾಳೆಯಲ್ಲಿ ಎರಡೂ ಕಡೆಯ ಸೆಟ್ಟಿಂಗ್‌ಗಳನ್ನು ಪಕ್ಕಪಕ್ಕ ಬರೆದು ಹೋಲಿಸಿದೆ. ಒಂದೂ ಬೇರೆ ಇರಲಿಲ್ಲ.

ಭಾವ ಸೊಪ್ಪಿನ ಹೊರೆ ಇಳಿಸಿ ಬಾಗಿಲಲ್ಲಿ ನಿಂತ. “ರಾಜ್ರು ಕತೆ ಏಳ್ಕಂಡು ತಣ್ಣಗಿರೋದು ಬುಟ್ಟು ಇದ್ಯಾಕಮ್ಮೀ ನಿಂಗೆ?”

“ನೀನು ಒಸಿ ಸುಮ್ನಿರು ಭಾವ.”

“ಸುಮ್ನೇ ಅವ್ನಿ. ಅದೂ ಸುಮ್ನೇ ಐತೆ. ನೀನೊಬ್ಳೇ ಬೆವರ್ತಿರೋದು.”

ಅತ್ತೆಗೆ ನಮ್ಮ ಮಾತು ಕೇಳಿಸಲಿಲ್ಲ, ಆದರೆ ನನ್ನ ಮುಖ ಕಾಣುತ್ತಿತ್ತು. ಸ್ಟೂಲ್ ಎಳೆದುಕೊಂಡು ಕೀಲಿಮಣೆಯ ಮುಂದೆ ಕೂತಿದ್ದವಳು ಎದ್ದು ಹೋಗಿ ಹುಳುವಿನ ತಟ್ಟೆಗಳನ್ನು ನೋಡತೊಡಗಿದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಆಸೆ ಹುಟ್ಟಿಸಿ ಬಿಟ್ಟಂತಾಗುತ್ತದಲ್ಲ ಎಂದು.

ಕೇಬಲ್ ಬಿಗಿಯಾಗಿದೆಯೇ ನೋಡಲು ಮೊಬೈಲ್ ಬೆಳಕು ಬಿಟ್ಟು ಕಂಪ್ಯೂಟರಿನ ಬೆನ್ನಿಗೆ ಬಗ್ಗಿ ಅದನ್ನು ಬಿಚ್ಚಿದಾಗ ಕಂಡಿತು. ಕೇಬಲ್ ಕೂರುವ ಮೂತಿಯ ಒಂಬತ್ತು ಸಣ್ಣ ಲೋಹದ ಕಡ್ಡಿಗಳೂ ಹಸಿರಾಗಿದ್ದವು, ವರ್ಷಾನುಗಟ್ಟಲೆ ಬೆಳಗದ ತಾಮ್ರದ ಚೊಂಬಿನ ಹಾಗೆ ಕಿಲುಬು ಹಿಡಿದು.

“ಅತ್ತೆ, ಇದಕ್ಕೇನು ಮಾಡಿದೆ?” ಎಂದು ತೋರಿಸಿ ಕೂಗಿದೆ.

“ಏನು ಮಾಡ್ದೆ? ಒರೆಸಿವ್ನಿ.” ಹೆಮ್ಮೆಯಿಂದಲೇ ಹೇಳಿದಳು. “ಪ್ರತಿ ಬೆಳೆಗೂ ಬ್ಲೀಚಿಂಗ್ ನೀರಲ್ಲಿ ಬಟ್ಟೆ ಅದ್ದಿ ಹಿಂದೆ ಮುಂದೆ ಎಲ್ಲ ಒರೆಸಿವ್ನಿ. ಒಂದು ಬೆಳೆ ತಪ್ಸಿಲ್ಲ. ಹುಳುಮನೆ ಒಳಗಿರೋದು ಯಾವ್ದಾದ್ರೂ ತೊಳೀದೆ ಬಿಡ್ತಾರಾ?”

ಹೊಸ ಮೊಟ್ಟೆ ತರುವ ಮುಂಚೆ ಹುಳುಮನೆಯ ಗೋಡೆ, ನೆಲ, ತಟ್ಟೆ, ಸ್ಟ್ಯಾಂಡು, ಕಿಟಕಿಯ ಬಲೆ ಎಲ್ಲವನ್ನೂ ರೋಗ ಹತ್ತದಂತೆ ತೊಳೆಯಲೇಬೇಕು. ಫೋನ್ ತಂತಿ ಹೋಗಿ ಕಂಪ್ಯೂಟರ್ ಬಾಯಿ ಮುಚ್ಚಿದ ಮೇಲೂ ಅತ್ತೆ ಅದನ್ನು ಹುಳುಮನೆಯ ಸಾಮಾನೆಂದೇ ಕಂಡಿದ್ದಳು. ಆ ಶುಚಿಯೇ ಅದರ ಬಾಯಿ ಕಟ್ಟಿತ್ತು. ನಾನು ಮೂರು ಗಂಟೆ ತಂತ್ರಾಂಶವನ್ನು ಅನುಮಾನಿಸಿದ್ದೆ. ಕೇಬಲ್ಲನ್ನು ತಡವಿಕೊಂಡೇ ಸಿಕ್ಕಿಸಿದ್ದೆ, ಯಂತ್ರದ ಬೆನ್ನು ನೋಡಿರಲಿಲ್ಲ.

“ಹುಣ್ಸೆಹಣ್ಣು ಹಾಕಿ ತಿಕ್ಕು, ಫಳಫಳ ಅಂತದೆ,” ಎಂದಳು ಅತ್ತೆ.

“ಒಸಿ ಬೂದಿನೂ ತತ್ತೀನಿ, ತಡಿ,” ಎಂದ ಭಾವ.

ಸ್ಪ್ರೇ ಬೇಕೇ ಬೇಕು ಎಂದೆ. ಹಾಗಾದರೆ ಡಬ್ಬಿ ಒಳಗೆ ಬರುವುದಿಲ್ಲ, ಕಂಪ್ಯೂಟರೇ ಹೊರಗೆ ಹೋಗಬೇಕು. ಭಾವ ಅದನ್ನು ಎಳೆಗರುವಿನ ಹಾಗೆ ತಬ್ಬಿ ಎತ್ತಿದ. ಜಗಲಿ ಆಗದು, ಗಾಳಿ ಹುಳುಮನೆಯ ಕಡೆ ಬೀಸುತ್ತಿದೆ ಎಂದು ಅತ್ತೆ ಸೆರಗಿನ ತುದಿ ಗಾಳಿಗೆ ಹಿಡಿದು ನೋಡಿ ತೀರ್ಮಾನಿಸಿದಳು. ಕೊನೆಗೆ ಕೊಟ್ಟಿಗೆಯ ಹಿಂದೆ, ತಿಪ್ಪೆಯ ಪಕ್ಕ ಒಂದು ಗೋಣಿಚೀಲದ ಮೇಲೆ ಇಟ್ಟೆವು. ಪೆನ್ಸಿಲ್ ಅಳಿಸುವ ರಬ್ಬರನ್ನು ಬ್ಲೇಡಿನಿಂದ ಸಣ್ಣಗೆ ಸೀಳಿ ಒಂದೊಂದು ಕಡ್ಡಿಯನ್ನೂ ಉಜ್ಜಿ, ಸ್ಪ್ರೇ ಹೊಡೆದು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿದೆವು. ಹಸು ಇದೆಲ್ಲವನ್ನೂ ಕಿವಿ ಅಲ್ಲಾಡಿಸುತ್ತ ನೋಡಿತು. ವಾಸನೆ ಹೋಗುವವರೆಗೆ ಕಾದು, ನಾವಿಬ್ಬರೂ ಕೈಕಾಲು ತೊಳೆದೆವು. ಅತ್ತೆ ಕಂಪ್ಯೂಟರನ್ನೂ ನಮ್ಮ ಕೈಗಳನ್ನೂ ಮೂಸಿ ನೋಡಿದ ಮೇಲೆ ಒಳಗೆ ಬಿಟ್ಟಳು.

ಎ, ಟಿ. ಲ್ಯಾಪ್‌ಟಾಪಿನ ಖಾಲಿ ಕಿಟಕಿಯಲ್ಲಿ ಆ ಎರಡಕ್ಷರ ಮೂಡಿದವು. ಕಪ್ಪು ಪರದೆಯಲ್ಲಿ ಓಕೆ ಎಂದು ಬಂತು. ನಾನು ಚಪ್ಪಾಳೆ ತಟ್ಟಿದೆ ಎಂದು ಭಾವ ಈಗಲೂ ಹೇಳುತ್ತಾನೆ. ನನಗೆ ಅಂಥ ನೆನಪಿಲ್ಲ.

ಅತ್ತೆ ಕೂತು ಗೆಳತಿಯ ನಂಬರು ಒತ್ತಿದಳು. ಸಿಗಲಿಲ್ಲ. ನಂಬರಿನ ಪಟ್ಟಿಯಲ್ಲಿ ನಾನು ಚನ್ನಪಟ್ಟಣದ ಹಳೆಯ ಫೋನ್ ನಂಬರನ್ನು ನನ್ನದೇ ಒಂದು ಹಳೆಯ ನೋಟ್‌ಬುಕ್ಕಿನಿಂದ ನೋಡಿ ಹಾಕಿದ್ದೆ.

“ನಂಬರು ಸರಿಯಾಗಿ ಒತ್ತಿದ್ಯಾ ಅತ್ತೆ? ಬಾಯಲ್ಲಿ ಹೇಳು.”

ಅವಳಿಗೆ ಬಾಯಲ್ಲಿ ಹೇಳಲು ಬರಲಿಲ್ಲ. ಮೊಣಕಾಲ ಮೇಲೆ ಬೆರಳಾಡಿಸಿ, ಆ ಬೆರಳುಗಳನ್ನು ತಾನೇ ನೋಡಿಕೊಂಡು ಒಂದೊಂದೇ ಅಂಕಿ ಹೇಳಿದಳು. ನನ್ನ ನೋಟ್‌ಬುಕ್ಕಿನಲ್ಲಿ ಕೊನೆಯ ಎರಡು ಅಂಕಿ ಹಿಂದುಮುಂದಾಗಿದ್ದವು.

“ನಾನು ಬರೆದಿಟ್ಟಿದ್ದೀನಿ ಅತ್ತೆ.”

“ಬರ್ದಿದ್ದೀಯ, ತಪ್ಪು ಬರ್ದಿದ್ದೀಯ.”

ಯಾರ ನಂಬರು ಸರಿ ಎಂದು ಗೆಳತಿಯ ಮೊಮ್ಮಗಳಿಗೆ ಫೋನ್ ಮಾಡಿ ಕೇಳಿದೆ. ಅತ್ತೆಯದೇ ಸರಿ. ಅಷ್ಟು ಹೊತ್ತು ಅವಳ ಬೆರಳಿಗಿಂತ ನನ್ನ ಕಾಗದವನ್ನು ನಂಬಿದ್ದಕ್ಕೆ ನಾಚಿಕೆಯಾಯಿತು. ತಿದ್ದಿದೆ. ಅವಳು ಮತ್ತೆ ಒತ್ತಿದಳು, ಒತ್ತಿದವಳೇ ಅಂಗೈಯನ್ನು ನನ್ನ ಲ್ಯಾಪ್‌ಟಾಪಿನ ಮೇಲಿಟ್ಟಳು. ಹಿಂದೆ ಮೋಡೆಮ್ ಕಿರುಗುಟ್ಟುವುದು ಅವಳಿಗೆ ಕಿವಿಯಲ್ಲಿ ಕೇಳದಂತಾದ ಮೇಲೆ ಡಬ್ಬಿಯ ಮೇಲೆ ಕೈಯಿಟ್ಟು ಅದರ ನಡುಕದಿಂದ ತಿಳಿಯುತ್ತಿದ್ದಳು. ಇದರಲ್ಲಿ ನಡುಕ ಎಲ್ಲಿಂದ ಬರಬೇಕು?

“ಇದು ಸತ್ತೋಗೈತೆ ಕಣೆ,” ಎಂದು ನನ್ನ ಕಡೆ ನೋಡಿದಳು.

ನಾನು ಪರದೆ ತೋರಿಸಿದೆ. ಕನೆಕ್ಟ್ ಎಂದಿತ್ತು. ಅದರ ಕೆಳಗೆ ಚನ್ನಪಟ್ಟಣದಿಂದ ಒಂದೊಂದೇ ಅಕ್ಷರ ಬಂದು ಕೂರುತ್ತಿತ್ತು, ನಡುವೆ ತಪ್ಪಿ, ಅಳಿಸಿ, ಮತ್ತೆ ಬಂದು. ಅತ್ತೆ ಕನ್ನಡಕ ಮೇಲಕ್ಕೆ ತಳ್ಳಿಕೊಂಡು ಬೆನ್ನು ನೆಟ್ಟಗೆ ಮಾಡಿ ಎರಡೂ ಕೈ ಕೀಲಿಗಳ ಮೇಲಿಟ್ಟಳು. ಅವಳು ಕಚೇರಿಯಲ್ಲಿ ಹೇಗೆ ಕೂರುತ್ತಿದ್ದಳು ಎಂದು ಅವತ್ತು ಮೊದಲ ಸಲ ನೋಡಿದೆ. ನಾನು ಎದ್ದು ಹೊರಗೆ ಬಂದೆ. ನಡುವೆ ಯಾರೂ ಇರಬಾರದೆಂದು ತಾನೇ ಇಷ್ಟೆಲ್ಲ ಮಾಡಿದ್ದು.

ಭಾವನ ಜೊತೆ ತೋಟದಲ್ಲಿ ಸೊಪ್ಪು ಕೊಯ್ದೆ. ಸೊಪ್ಪು ಕೊಯ್ದಿದ್ದು ನಿಜವಾದರೆ ಹುಳು ತಿನ್ನುತ್ತಿದ್ದವು, ಜ್ವರಕ್ಕೆ ಕೂತಿರಲಿಲ್ಲ. ಹಾಗಿದ್ದರೆ ದಿನಚರಿಯೇ ಸರಿ. ಆ ನಿಶ್ಶಬ್ದ ಎಲ್ಲಿಯದೋ ಗೊತ್ತಿಲ್ಲ.

“ಏನು ಮಾತಾಡ್ತಾವ್ರೆ?” ಎಂದ ಭಾವ.

“ನಂಗೇನು ಗೊತ್ತು.”

“ಸದ್ಯ, ನಂದೊಂದು ಕೆಲ್ಸ ತಪ್ತು.” ಎರಡು ಕಡ್ಡಿ ಕತ್ತರಿಸಿ ಮತ್ತೆ ನಿಂತ. “ನಾನು ಒಂದು ಮಾತೂ ಸೇರ್ಸಿ ಏಳಿಲ್ಲ ಕಣಮ್ಮೀ. ಬಿಟ್ಟು ಏಳಿದ್ದೀನಿ, ಅಷ್ಟೆ. ಅವ್ವ ಬೇಜಾರ್ ಮಾಡ್ಕತಳೆ ಅನ್ನೋದ್ನ ಬುಟ್ಬುಡ್ತಿದ್ದೆ.”

ಅತ್ತೆ ತಾನೇ ನಮ್ಮನ್ನು ಹುಡುಕಿಕೊಂಡು ಬಂದಳು, ಬೆರಳುಗಳನ್ನು ಮಡಿಸಿ ಬಿಡಿಸುತ್ತ. “ಕೈ ನೋಯ್ತಾವೆ,” ಎಂದು ನಕ್ಕಳು. ಹತ್ತು ಬೆರಳನ್ನೂ ನನಗೆ ತೋರಿಸಿದಳು. ಆ ನಗುವಿನ ಬಗ್ಗೆ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ.

ಹೊರಡುವ ಮುಂಚೆ ಎಲ್ಲ ಸರಿಯಿದೆಯೇ ನೋಡೋಣವೆಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ಅಕ್ಷರ ಬರೆದಿಟ್ಟುಕೊಳ್ಳುವ ಕಿಟಕಿಯನ್ನು ನಾನು ಮುಚ್ಚಿರಲಿಲ್ಲ. ಬೆಳಗ್ಗೆ ಖಾಲಿಯಿದ್ದದ್ದು ಈಗ ಉದ್ದಕ್ಕೂ ತುಂಬಿತ್ತು. ಇಬ್ಬರೂ ಆಡಿದ ಪ್ರತಿ ಮಾತು, ಅಳಿಸಿದ ಅಕ್ಷರ ಕೂಡ. ನಡುವೆ ನಾನು ಕೂತಿರಲಿಲ್ಲ, ನಾನು ಕೂರಿಸಿದ್ದು ಕೂತು ಬರೆದುಕೊಂಡಿತ್ತು.

ಅಕ್ಷರ ಎಲ್ಲಾದರೂ ತಪ್ಪಿ ಹೋಗುತ್ತಿದೆಯೇ ಪರೀಕ್ಷಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಮೇಲಿನಿಂದ ಓದಿದೆ.

ಸೊಪ್ಪು ಹಾಕಿದಾ.
ಇನ್ನೂ ಇಲ್ಲ. ನೀನು ಉಂಡಾ.
ಉಂಡೆ. ಕೈ ನಡುಗ್ತಾವೆ ಕಣೆ, ತಪ್ಪು ಬೀಳ್ತಾವೆ.
ಬೀಳ್ಲಿ ಬಿಡು.
ಆ ವಿಷಯ ಏನಾಯ್ತು.
ಇರು. ನನ್ನ ತಮ್ಮನ ಮಗಳು ಇಲ್ಲೇ ಕುಂತವ್ಳೆ. ಅವ್ಳು ಎದ್ದು ಹೋಗ್ಲಿ, ಹೇಳ್ತೀನಿ.

ನಾನಾಗಿಯೇ ಎದ್ದು ಬಂದೆ ಎಂದು ಮೇಲೆ ಬರೆದಿದ್ದೇನೆ. ದಿನಚರಿಯಲ್ಲೂ ಹಾಗೇ ಇದೆ. ಆದರೆ ಅಷ್ಟರಲ್ಲಿ ಅವರು ಆರು ಸಾಲು ಆಡಿಯಾಗಿತ್ತು. ಅಷ್ಟು ಹೊತ್ತು ನಾನು ಅಲ್ಲೇ ಇದ್ದೆ. ಅತ್ತೆ ನನ್ನ ಕಡೆ ಒಮ್ಮೆ ನೋಡಿರಬಹುದು. ನಾನು ಆ ನೋಟ ಕಂಡು ಎದ್ದಿರಬಹುದು.

ಏಳನೇ ಸಾಲು ಓದಲಿಲ್ಲ. ಅದರ ಮೊದಲ ಪದ ಕಣ್ಣಿಗೆ ಬಿತ್ತೋ ಇಲ್ಲವೋ ನೆನಪಿಲ್ಲ. ನೆನಪಿಲ್ಲ ಎನ್ನುವುದು ಇಲ್ಲಿ ನನಗೆ ಅನುಕೂಲ ಎಂಬುದೂ ಗೊತ್ತಿದೆ. ಇನ್ನು ಮುಂದೆ ಯಾವುದನ್ನೂ ಬರೆದಿಟ್ಟುಕೊಳ್ಳಬೇಡ ಎಂದು ತಂತ್ರಾಂಶಕ್ಕೆ ಹೇಳಿ, ಎರಡು ಸಲ ಪರೀಕ್ಷಿಸಿದೆ. ಅಲ್ಲಿಯವರೆಗಿನ ಕಡತವನ್ನು ಅಳಿಸಲು ಕೈ ಹೋಯಿತು, ನಿಂತಿತು. ಕೇಳದೆ ಓದಿದ್ದಾಗಿತ್ತು, ಕೇಳದೆ ಅಳಿಸುವುದೂ ಬೇಡ ಎನಿಸಿತು.

ಕೂಗಿ ಹೇಳಿದರೆ ಭಾವನಿಗೂ ಕೇಳುತ್ತದೆ. ದಿನಚರಿಯಿಂದ ಒಂದು ಹಾಳೆ ಹರಿದು ಬರೆದು ಕೊಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಒಮ್ಮೆ ಓದಿದಳು, ನನ್ನ ಮುಖ ನೋಡಿದಳು, ಇನ್ನೊಮ್ಮೆ ಓದಿದಳು. ಸಿಟ್ಟು ಕಾಣಲಿಲ್ಲ. ಹಾಳೆಯನ್ನು ಚಿಕ್ಕದಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ಸೊಪ್ಪು ಬಾಡ್ತಾವೆ” ಎಂದು ಎದ್ದು ಹೋದಳು.

ಆಮೇಲೆ ಎರಡು ಸಲ ಹೋಗಿ ಬಂದಿದ್ದೇನೆ. ಆ ಬೆಳೆ ಗೂಡಾಗಿ ಮಾರುಕಟ್ಟೆಗೂ ಹೋಯಿತು. ಲ್ಯಾಪ್‌ಟಾಪ್ ಅಲ್ಲೇ ಇದೆ, ಕಡತವೂ ಅದರಲ್ಲೇ ಇದೆ. ದಿನಾ ಮಧ್ಯಾಹ್ನ ಇಬ್ಬರೂ ಮಾತಾಡುತ್ತಾರೆ, ಕಂಪ್ಯೂಟರಿನ ಬೆನ್ನನ್ನು ಅತ್ತೆ ಈಗ ಒಣಬಟ್ಟೆಯಲ್ಲಿ ಒರೆಸುತ್ತಾಳೆ. ನನಗೆ ಚಕ್ಕುಲಿ ಕೊಡುತ್ತಾಳೆ, ಕಾಲೇಜಿನ ಸುದ್ದಿ ಕೇಳುತ್ತಾಳೆ, ಎಲ್ಲವನ್ನೂ ಮಾತಾಡುತ್ತಾಳೆ, ಆ ಹಾಳೆಯ ವಿಷಯವೊಂದನ್ನು ಬಿಟ್ಟು. ಹಾಳೆಯಲ್ಲಿ ನಾನು ಬರೆದು ಕೊಟ್ಟದ್ದು ಇಷ್ಟೇ, ಇದರಲ್ಲಿ ಒಂದು ಪದವೂ ತಪ್ಪಿರಲಾರದು:

ಅತ್ತೆ, ನೀವಿಬ್ಬರು ಇವತ್ತು ಮಾತಾಡಿದ್ದೆಲ್ಲ ನನ್ನ ತಪ್ಪಿನಿಂದ ಲ್ಯಾಪ್‌ಟಾಪಿನಲ್ಲಿ ಉಳಿದುಬಿಟ್ಟಿದೆ. ಮೊದಲ ಆರು ಸಾಲು ಓದಿದ್ದೇನೆ. ಮಿಕ್ಕಿದ್ದನ್ನು ಏನು ಮಾಡಲಿ?